ಬುಟ್ಟಿಯ ಹೆಂಗಸು ಏನಾದಳು

ಸಿನಿಮಾ ನೋಡಿ ಅಳುವವರ ಪಕ್ಕದಲ್ಲಿ ಕೂತು ಸಿನಿಮಾ ನೋಡುವುದು ನನಗೆ ಮೊದಲಿನಿಂದಲೂ ಇಷ್ಟ. ಸ್ವಲ್ಪ ಕೆಟ್ಟ ಬುದ್ಧಿಯೇ, ಒಪ್ಪಿಕೊಳ್ಳುತ್ತೇನೆ. ಅವರು ಮೂಗೊರೆಸಿಕೊಳ್ಳುವಾಗ ನಾನು ಕಾಲ ಮೇಲೆ ಕಾಲು ಹಾಕಿಕೊಂಡು, ಕ್ಯಾಮರಾ ಎಲ್ಲಿಟ್ಟಿದ್ದಾನೆ, ಬೆಳಕು ಯಾವ ಕಡೆಯಿಂದ ಬಂತು ಎಂದು ಲೆಕ್ಕ ಹಾಕುತ್ತಿರುತ್ತೇನೆ. ನನ್ನ ಹೆಂಡತಿ ಸುಮಾಳ ಪ್ರಕಾರ ಇದೆಲ್ಲ ನೌಕರಿಯ ದೋಷ. ವಿಮೆ ಕಚೇರಿಯಲ್ಲಿ ಸತ್ತವರ ಕಾಗದಪತ್ರ ತಿರುವಿ ತಿರುವಿ ಮನಸ್ಸು ಮರಗಟ್ಟಿದೆಯಂತೆ. "ನಾನು ಸತ್ರೂ ಮೊದ್ಲು ಸರ್ಟಿಫಿಕೇಟ್ ಎಲ್ಲಿ ಅಂತೀರ ನೀವು" ಎನ್ನುತ್ತಾಳೆ. ಸರ್ಟಿಫಿಕೇಟ್ ಇಲ್ಲದೆ ಮುಂದೇನೂ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲ.

ದುಃಖದ ನಾಟಕವನ್ನು ಜನ ಹುಡುಕಿಕೊಂಡು ಹೋಗಿ ಯಾಕೆ ನೋಡುತ್ತಾರೆ ಎಂದು ನಮ್ಮ ಹಳೆಯ ಆಲಂಕಾರಿಕರು ಬಹಳ ತಲೆ ಕೆಡಿಸಿಕೊಂಡಿದ್ದರು. ರಂಗದ ಮೇಲಿನ ಶೋಕ ನಮ್ಮ ಸ್ವಂತದ್ದಲ್ಲ, ಆದ್ದರಿಂದಲೇ ಅದು ರಸವಾಗಿ ಆನಂದ ಕೊಡುತ್ತದೆ ಎಂಬಂಥ ಸಮಾಧಾನವನ್ನೂ ಹೇಳಿಕೊಂಡರು. ಪಾಪ, ಅವರು ಇಂಟರ್ವಲ್ ನೋಡಿದವರಲ್ಲ. ಒಮ್ಮೆ ಶಿವಾಜಿನಗರದ ಕಡೆಯ ಥಿಯೇಟರೊಂದರಲ್ಲಿ, ಶತ್ರುಗಳು ಮುತ್ತಿಗೆ ಹಾಕಿದ ಊರಿನ ಜನ ಬೆಲ್ಟಿನ ಚರ್ಮ ಬೇಯಿಸಿ ತಿನ್ನುವುದನ್ನು ನೋಡಿ, ದೀಪ ಹತ್ತಿದೊಡನೆ ಎಲ್ಲರಿಗಿಂತ ಮೊದಲು ಸಮೋಸಾದ ತಟ್ಟೆಯ ಮುಂದೆ ನಿಂತವನು ನಾನು. ಆನಂದವೇನೋ ಆಯಿತು.

ಸೀಡಿ ಪ್ಲೇಯರುಗಳು ಮನೆಮನೆಗೆ ಬಂದ ಕಾಲದಲ್ಲಿ ನಾವು ಮರ್ಫಿ ಟೌನಿನ ಒಂದು ವಠಾರದಲ್ಲಿದ್ದೆವು. ಪಕ್ಕದ ಕೋಣೆಯಲ್ಲಿ ಕಲಬುರಗಿ ಕಡೆಯ ಗಾರೆ ಕೆಲಸದ ಮಲ್ಲಪ್ಪ, ಅವನ ಸಂಸಾರ, ಅವನ ತಾಯಿ ನಾಗಮ್ಮ. ಇಂದಿರಾನಗರದ ಬಂಗಲೆಗಳನ್ನು ಒಡೆದು ಆಫೀಸು ಮಾಡುವ ಕೆಲಸ ಮಲ್ಲಪ್ಪನಿಗೆ ಕೈತುಂಬ ಇತ್ತು. ಅವರ ಮನೆಯಲ್ಲಿ ಟೀವಿ ಇರಲಿಲ್ಲ. ಭಾನುವಾರ ಮಧ್ಯಾಹ್ನ ನಾಗಮ್ಮಜ್ಜಿ ನಮ್ಮ ಬಾಗಿಲ ಪಕ್ಕದಲ್ಲಿ ಗೋಡೆಗೊರಗಿ ಕೂತು, ಯಾವ ಭಾಷೆಯ ಯಾವ ಚಿತ್ರ ಹಾಕಿದರೂ ನೋಡುತ್ತಿದ್ದರು.

ಒಂದು ಭಾನುವಾರ ನಾನು ಹಲಸೂರಿನ ಸೀಡಿ ಅಂಗಡಿಯಿಂದ ಒಂದು ವಿದೇಶಿ ಚಿತ್ರ ತಂದೆ. ಯುದ್ಧದ ಕಾಲ. ಸೈನಿಕರು ಹುಡುಕುತ್ತಿರುವ ಒಬ್ಬ ಅಂಚೆಯವನು ಹಿಟ್ಟಿನ ಗಿರಣಿಯ ಅಟ್ಟದಲ್ಲಿ ಅಡಗಿದ್ದಾನೆ. ಬಟ್ಟೆ ಒಗೆಯುವ ಹೆಂಗಸೊಬ್ಬಳು ಬುಟ್ಟಿಯಲ್ಲಿ ಬಟ್ಟೆಯ ಕೆಳಗೆ ಬ್ರೆಡ್ಡು ಇಟ್ಟುಕೊಂಡು ಬಂದು ಅವನಿಗೆ ಕೊಟ್ಟು ಹೋಗುತ್ತಾಳೆ. ಒಂದು ದಿನ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳುತ್ತದೆ. ಅಟ್ಟದಲ್ಲಿ ಅವನು ಉಸಿರು ಹಿಡಿದು ಕೂರುತ್ತಾನೆ. ಮೆಟ್ಟಿಲ ಮೇಲೆ ಬುಟ್ಟಿಯೊಂದೇ ಮಗುಚಿ ಬಿದ್ದಿದೆ. ಅಲ್ಲಿಗೆ ಮೊದಲನೆಯ ಸೀಡಿ ಮುಗಿಯಿತು. ಎರಡನೆಯದು ಹಾಕಿದರೆ ಬರೀ ಗೀರು, ಚಿತ್ರವೇ ನಿಲ್ಲಲಿಲ್ಲ. ಬೇರೆ ಸೀಡಿ ಮುಂದಿನ ಭಾನುವಾರದ ಹೊತ್ತಿಗೆ ತರಿಸಿಕೊಡುತ್ತೇನೆ ಎಂದ ಅಂಗಡಿಯವನು.

ಸೋಮವಾರ ಬೆಳಿಗ್ಗೆ ನಲ್ಲಿಯ ಹತ್ತಿರ ನಾಗಮ್ಮಜ್ಜಿ ಕೇಳಿದರು. "ತಮ್ಮಾ, ಆ ಬುಟ್ಟಿಯಾಕಿ ಏನಾದಳು?"

"ಅವಳು ಸೈಡ್ ಪಾರ್ಟು ಅಜ್ಜಿ. ಕಥೆ ಇರೋದು ಅಟ್ಟದಲ್ಲಿರೋನ್ದು" ಎಂದೆ, ತಿಳಿದವನ ಹಾಗೆ.

ಮಂಗಳವಾರವೂ ಅದೇ ಪ್ರಶ್ನೆ, ಬುಧವಾರವೂ ಅದೇ. ನನಗೆ ರೇಗಿತು. "ಅಷ್ಟೊಂದು ಯಾಕಜ್ಜಿ ತಲೆಗೆ ಹಚ್ಕೊಂಡಿದೀರ? ಅದು ಸಿನಿಮಾ" ಎಂದೆ.

ಆಕೆ ಕೊಡ ಪಕ್ಕಕ್ಕಿಟ್ಟು, ಪಕ್ಕದ ಬೀದಿಯ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿದರು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಿಜಾಮನ ಆಳ್ವಿಕೆಯ ಅವರ ಸೀಮೆಗೆ ಇನ್ನೂ ಬಾರದಿದ್ದ ದಿನಗಳವು. ದಾಳಿಗೆ ಬಂದವರು ಊರಿಗೆ ಬೆಂಕಿ ಹಚ್ಚಿದರು. ತಾಯಿ ಈಕೆಯನ್ನೂ ಹಾಲು ಬಿಡದ ತಮ್ಮನನ್ನೂ ಕರೆದುಕೊಂಡು, ಅರ್ಧ ಖಾಲಿಯಾಗಿದ್ದ ಒಂದು ಹಗೇವಿಗೆ ಇಳಿದಳು. ನೆಲದೊಳಗೆ ಜೋಳ ತುಂಬಿಡುವ ಗುಂಡಿ ಅದು.

"ಜ್ವಾಳದ ಮ್ಯಾಲೇ ಕುಂತಿದ್ವಿ ನೋಡು. ಆದ್ರ ಬೆಂಕಿ ಹಚ್ಚಂಗಿಲ್ಲ, ಬೀಸಂಗಿಲ್ಲ. ಅವ್ವ ಹಸೀ ಜ್ವಾಳ ಅಗದು ಅಗದು ತಮ್ಮನ ಬಾಯಾಗ ಇಡತಿದ್ಲು. ನೀರು ಮಾತ್ರ ಒಬ್ಬಾಂವ ದಿನಾ ಸಂಜೀಕ ಕಲ್ಲು ಸರಿಸಿ ಹಗ್ಗಕ್ಕ ಕಟ್ಟಿ ಇಳಸತಿದ್ದ. ಮೂರು ದಿನ ಇಳಸಿದ. ನಾಕನೇ ದಿನ ಬರಲಿಲ್ಲ."

ಆ ರಾತ್ರಿ ತಾಯಿಯೇ ಕಲ್ಲು ನೂಕಿ, ಮಕ್ಕಳನ್ನು ಹೊರಗೆಳೆದುಕೊಂಡು ತವರಿಗೆ ನಡೆದಳಂತೆ. ಮತ್ತೆ ಆ ಊರಿಗೆ ಅವರಾರೂ ಹೋಗಲಿಲ್ಲ. ಆ ಮನುಷ್ಯ ಏನಾದ ಎಂದು ಗೊತ್ತಾಗಲಿಲ್ಲ. "ನಮಗ ನೀರು ಕೊಡಾಕ ಬಂದ್ ಸತ್ನೋ, ಜ್ವರಾ ಬಂದು ಮಲಗಿದ್ನೋ" ಎಂದು ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೋದರು. ಕಚೇರಿಯಲ್ಲಿ ಅವತ್ತು ನನಗೆ ಯಾವ ಕಾಗದದಲ್ಲೂ ಮನಸ್ಸು ನಿಲ್ಲಲಿಲ್ಲ. ಆ ಮನುಷ್ಯನಿಗೆ ಜ್ವರವೇ ಬಂದಿರಲಿ ಎಂದು ಎರಡು ಮೂರು ಸಲ ಅಂದುಕೊಂಡೆ.

ಭಾನುವಾರ ಎರಡನೆಯ ಸೀಡಿ ಬಂತು. ಈ ಸಲ ನಾನು ಕ್ಯಾಮರಾ ಮರೆತೆ. ಬಾಗಿಲು ತೆರೆದಾಗಲೆಲ್ಲ ಅವಳೇ ಬಂದಳೇನೋ ಎಂದು ನೋಡುತ್ತಿದ್ದೆ. ಸೆರೆಯಾಳುಗಳ ಸಾಲು ಬಂದಾಗ ಒಂದೊಂದೇ ತಲೆ ನೋಡಿದೆ. ಚಿತ್ರದ ಕೊನೆಗೆ ಅಂಚೆಯವನು ಗಿರಣಿಯಿಂದ ಹೊರಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಪಿಟೀಲು ಏರಿತು. ಸುಮಾ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಮಾತ್ರ ಅವನ ಮೇಲೆ ಸಿಟ್ಟು ಬಂತು. ಆ ಮೆಟ್ಟಿಲಿಳಿದೇ ಬಂದವನು, ಒಂದು ಸಲ ಹಿಂತಿರುಗಿ ನೋಡಬಾರದಿತ್ತೇ?

"ಮುಗೀತೇನು? ಆಕೀದು ತೋರ್ಸಲಿಲ್ಲಲ್ಲ?" ಎಂದರು ಅಜ್ಜಿ.

"ಇಲ್ಲ ಅಜ್ಜಿ. ತೋರಿಸ್ಲಿಲ್ಲ." ಸಿನಿಮಾ ತೆಗೆದವನು ನಾನೇ ಎಂಬಂತೆ ನಾಚಿಕೆಯಾಯಿತು.

"ಹೋಗ್ಲಿ ಬಿಡು. ಅವ್ರಿಗೂ ಗೊತ್ತಾಗಿರಾಕಿಲ್ಲ" ಎಂದು, ನಮಗೆ ಸಮಾಧಾನ ಹೇಳುವವರಂತೆ ಹೇಳಿ, ಮಂಡಿಗೆ ಕೈಕೊಟ್ಟು ಎದ್ದರು.

ನನಗೆ ಸುಮ್ಮನಿರಲಾಗಲಿಲ್ಲ. "ನಿಮ್ಗೆ ನೀರು ಕೊಟ್ಟೋರ ಹೆಸರೇನಜ್ಜಿ?" ಎಂದೆ.

"ಅವ್ವಗ ಗೊತ್ತಿತ್ತೇನೋ. ನಾ ಅವನ ಮಾರಿನೂ ನೋಡಿಲ್ಲ ತಮ್ಮಾ. ತಳದಾಗ ಕುಂತಾಕಿಗೆ ಮ್ಯಾಲಿಂದ ಕೈಯಷ್ಟ ಕಾಣತಿತ್ತು." ಹೊಸ್ತಿಲು ದಾಟಿ ಒಂದು ಗಳಿಗೆ ನಿಂತರು. "ಆ ಕೈ ತೋರ್ಸಿದ್ರ ಈಗ್ಲೂ ಗುರ್ತು ಹಿಡೀತೀನಿ."

ಅವರು ಹೋದ ಮೇಲೆ ನಾನು ಬುಟ್ಟಿಯ ಹೆಂಗಸಿನ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಅರ್ಧ ಗಂಟೆ ಪರದೆಯ ಮೇಲೆ ಓಡಾಡಿದ್ದಳು. ಎಷ್ಟು ಹೊತ್ತು ಕೂತರೂ ಬರಲಿಲ್ಲ. ಅಂಗಡಿಗೆ ಹಿಂತಿರುಗಿಸುವ ಮುಂಚೆ ಮೊದಲನೆಯ ಸೀಡಿ ಮತ್ತೆ ಹಾಕಿ, ಅವಳ ಮುಖ ನೋಡಿಕೊಂಡೆ.