ಆ ಗ್ರಹದ ಸಂಶಯವನ್ನು ಅವನಿಗಷ್ಟೇ ಹೇಳಿದ್ದೆ

ನಮ್ಮ ಕಾಲೇಜಿನ ದಿನಗಳ ಚರ್ಚಾಸ್ಪರ್ಧೆಗಳಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬ ವಿಷಯದ ಪರ, ಇನ್ನೊಬ್ಬ ವಿರೋಧ. ವೇದಿಕೆಯ ಮೇಲೆ ಇಬ್ಬರೂ ಎದುರಾಳಿಗಳು, ಆದರೆ ಪಾರಿತೋಷಕ ಮಾತ್ರ ಇಬ್ಬರಿಗೂ ಸೇರಿ ಒಂದೇ. ಆದ್ದರಿಂದ ಬಸ್ಸು ಹತ್ತಿದೊಡನೆ ನಾನೂ ನನ್ನ ಜೋಡಿಯಾಗಿದ್ದ ಸಹಪಾಠಿಯೂ ಮಾಡುತ್ತಿದ್ದ ಮೊದಲ ಕೆಲಸ ನಮ್ಮ ನಮ್ಮ ವಾದದ ದುರ್ಬಲ ಜಾಗಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಡುವುದು. ನನ್ನದು ಎಲ್ಲಿ ಸಡಿಲವೋ ಅಲ್ಲಿ ಅವನು ಕೈ ಹಾಕುತ್ತಿರಲಿಲ್ಲ. ಅವನದು ಎಲ್ಲಿ ಸಡಿಲವೋ ಅಲ್ಲಿ ನಾನು ಹಾಕುತ್ತಿರಲಿಲ್ಲ. ಹೊರಗಿನವರು ಇದನ್ನು ಮೋಸವೆಂದಾರು. ನಾನು ಸ್ನೇಹವೆಂದು ತಿಳಿದಿದ್ದೆ.

ಪರ ಯಾವಾಗಲೂ ನಾನು, ವಿರೋಧ ಯಾವಾಗಲೂ ಅವನು. ಮುಂದೆ ನಾನು ಪಾಂಡವಪುರದಲ್ಲಿ ಭೌತಶಾಸ್ತ್ರ ಕಲಿಸುವವನಾದೆ. ಅವನು ಕೆ.ಆರ್. ಪೇಟೆ ತಾಲ್ಲೂಕಿನ ತನ್ನೂರಿಗೆ ಮರಳಿ ಅಣ್ಣನ ಜೊತೆ ಪಶು ಆಹಾರದ ವ್ಯಾಪಾರಕ್ಕೆ ನಿಂತ. ಆದರೂ ನಮ್ಮ ಜೋಡಿ ಮುರಿಯಲಿಲ್ಲ. ರಜೆಯ ದಿನಗಳಲ್ಲಿ ಪ್ರೊಜೆಕ್ಟರ್ ಹೊತ್ತು ಹಳ್ಳಿಗಳಿಗೆ ಹೋಗಿ, ಬಾಹ್ಯಾಕಾಶದಲ್ಲಿ ಹೊಸದಾಗಿ ಏನೇನು ಕಂಡಿದೆಯೋ ಅದನ್ನು ಜನರ ಮುಂದಿಡುವುದು ನಮ್ಮ ಕಾರ್ಯಕ್ರಮ. ಬರಿಯ ಉಪನ್ಯಾಸಕ್ಕೆ ಜನ ಆಕಳಿಸುತ್ತಾರೆ. ವಾಗ್ವಾದವೆಂದರೆ ಎದ್ದು ಕೂರುತ್ತಾರೆ. ಅದಕ್ಕಾಗಿ ಹಳೆಯ ಪದ್ಧತಿಯನ್ನೇ ಇಟ್ಟುಕೊಂಡೆವು. ವಿಶ್ವದಲ್ಲಿ ಮನುಷ್ಯನಿಗೆ ಪ್ರತ್ಯೇಕ ಪೀಠವೇನೂ ಇಲ್ಲ, ಆದ್ದರಿಂದ ಮನುಷ್ಯ ಮನುಷ್ಯನ ನಡುವೆ ಮೇಲುಕೀಳಿಗೂ ಆಧಾರವಿಲ್ಲ ಎಂಬುದು ನನ್ನ ವಾದ. ಇದೆಲ್ಲ ಓದಿದವರ ಪೊಳ್ಳು ಮಾತು ಎಂಬುದು ಅವನ ಪ್ರತಿವಾದ.

ಎಳೆಯ ವಿಶ್ವದಲ್ಲೇ ವಿಜ್ಞಾನಿಗಳು ಎಣಿಸಿದ್ದಕ್ಕಿಂತ ಪ್ರಕಾಶಮಾನವಾಗಿ ಬೆಳಗಿದ್ದ ಗೆಲಾಕ್ಸಿಗಳ ಚಿತ್ರ ಪರದೆಗೆ ಬಂದಾಗ ಅವನು ಜನರ ಮಧ್ಯದಿಂದ ಎದ್ದು ನಿಲ್ಲುತ್ತಿದ್ದ.

“ಅಲ್ಲ ಮೇಷ್ಟ್ರೇ, ಇಷ್ಟೊಂದ್ ನಕ್ಷತ್ರ ಅವೆ ಅಂತೀರಿ. ನಮ್ಮೂರ್ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ವಾರಾತು. ಒಂದಾದ್ರೂ ಈ ಕಡೆ ಬೆಳಕ್ ಬುಡ್ತಾ?”

ಜನ ನಗುತ್ತಿದ್ದರು, ನಕ್ಕವರು ಕೇಳುತ್ತಿದ್ದರು. ಕೊನೆಯಲ್ಲಿ ಅವನು ತಲೆ ಕೆರೆದುಕೊಂಡು, “ಆಯ್ತು ಬುಡಿ, ನಾನ್ ಸೋತೆ. ಮೇಷ್ಟ್ರು ಯೋಳಾದ್ರಲ್ಲೂ ಏನೋ ಐತೆ” ಎಂದು ಕುಳಿತುಕೊಳ್ಳುತ್ತಿದ್ದ. ಆ ಒಪ್ಪಿಗೆಯಿಂದಲೇ ನನ್ನ ಮುಕ್ತಾಯದ ಮಾತಿಗೆ ಬಲ ಬರುತ್ತಿತ್ತು.

ಸಂತೆಬಾಚಹಳ್ಳಿಯಿಂದ ಆಚೆಗಿನ ಒಂದು ಊರಿನಲ್ಲಿ ಊರೊಟ್ಟಿಗೆ ಸೇರಿದ ಹಳೆಯ ಕಟ್ಟಡವೊಂದರ ಮಹಡಿಕೋಣೆ ಖಾಲಿ ಬಿದ್ದಿತ್ತು. ಕೋಣೆಯ ಮುಂದೆಯೇ ವಿಶಾಲವಾದ ತಾರಸಿ, ಸುತ್ತ ಬೀದಿದೀಪದ ಕಾಟವಿಲ್ಲ. ನಿವೃತ್ತ ಅಧ್ಯಾಪಕರೊಬ್ಬರು ನನಗೆ ಕೊಟ್ಟ ದೂರದರ್ಶಕ ಮನೆಯಲ್ಲಿ ಹಾಸಿಗೆ ಹೊದಿಕೆಯೊಳಗೆ ಮುದುಡಿ ಕುಳಿತಿತ್ತು. ಆ ಕೋಣೆ ಸಿಕ್ಕರೆ ಯಾರು ಬೇಕಾದರೂ ಬಂದು ಶನಿಯ ಬಳೆಯನ್ನು ಕಣ್ಣಾರೆ ನೋಡಬಹುದು; ಶನಿಕಾಟವೆಂದು ಹೆದರುವವರು ಆ ಗ್ರಹವನ್ನೇ ಕಂಡು ಹಗುರಾಗಬಹುದು. ನನ್ನ ಜೀವನದಲ್ಲಿ ಅಷ್ಟು ಆಸೆಯಿಂದ ಬೇಡಿದ್ದು ಬೇರೊಂದಿಲ್ಲ. ಊರಿನ ಹಿರಿಯರು, “ನಿಮ್ ಕಾರ್ಯಕ್ರಮ ಒಂದ್ ಸಂಜೆ ಮಾಡಿ. ಎರಡೂ ಕಡೆ ಕೇಳ್ಬುಟ್ಟು ಅಲ್ಲೇ ತೀರ್ಮಾನ ಮಾಡ್ತೀವಿ” ಎಂದಿದ್ದರು.

ಅದಕ್ಕೆ ಕೆಲವು ದಿನ ಮೊದಲು ಶ್ರೀರಂಗಪಟ್ಟಣದಲ್ಲಿ ಇಬ್ಬರೂ ಸೇರಿದೆವು. ಮಧ್ಯಾಹ್ನದ ಹೊತ್ತು, ನದಿಯ ಸೋಪಾನದ ಮೇಲೆ ನೆರಳಿತ್ತು. ರೂಢಿಯಂತೆ ನನ್ನ ದುರ್ಬಲ ಜಾಗವನ್ನು ಬಿಚ್ಚಿಟ್ಟೆ. ನೂರಕ್ಕೂ ಹೆಚ್ಚು ಜ್ಯೋತಿರ್ವರ್ಷಗಳಾಚೆಯ ಒಂದು ಗ್ರಹದ ವಾತಾವರಣದಲ್ಲಿ, ನಮ್ಮಲ್ಲಿ ಕಡಲಿನ ಸೂಕ್ಷ್ಮಜೀವಿಗಳು ಬಿಡುವ ಅನಿಲವೊಂದರ ಸುಳಿವು ಸಿಕ್ಕಿದೆಯೆಂದು ಸುದ್ದಿ ಬಂದಿತ್ತು. ನಾನು ಆ ಸುದ್ದಿಯನ್ನು ಊರೂರಿನಲ್ಲಿ ಸಂಭ್ರಮದಿಂದ ಹೇಳಿದ್ದೆ. ಆಮೇಲೆ ಬೇರೆ ವಿಜ್ಞಾನಿಗಳು ಅದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಿ, ಸುಳಿವು ಅಷ್ಟು ಗಟ್ಟಿಯಲ್ಲ ಎಂದಿದ್ದರು.

“ಈ ಸಲ ಅದನ್ನು ಬಿಟ್ಟೇ ಮಾತಾಡುತ್ತೇನೆ. ಕೋಣೆ ಸಿಕ್ಕ ಮೇಲೆ ನಿಧಾನವಾಗಿ ವಿವರಿಸೋಣ. ನೀನು ಅದನ್ನು ಮುಟ್ಟಬೇಡ” ಎಂದೆ.

“ಮುಟ್ಟಾಕಿಲ್ಲ ಬುಡ್ಲಾ. ಯಾವತ್ತಾದ್ರೂ ಮುಟ್ಟಿವ್ನಾ?”

ಮುಟ್ಟಿರಲಿಲ್ಲ, ನಿಜ.

ಆ ಸಂಜೆ ಜನ ಚೆನ್ನಾಗಿಯೇ ಸೇರಿದ್ದರು. ಬೇರೆ ನಕ್ಷತ್ರಲೋಕದಿಂದ ಬಂದು ನಮ್ಮ ಸೂರ್ಯನ ಬದಿಯಲ್ಲಿ ಹಾದುಹೋದ ಧೂಮಕೇತುವಿನ ಕಥೆಯನ್ನು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೇಳಿದರು. ಆಗ ಅವನು ಎದ್ದ.

“ಮೇಷ್ಟ್ರೇ, ಅದೆಲ್ಲ ಇರ್ಲಿ. ಅದ್ಯಾವ್ದೋ ಗ್ರಹದಲ್ಲಿ ಜೀವದ ವಾಸ್ನೆ ಸಿಕ್ತು ಅಂತ ಪಕ್ಕದೂರ್ನಲ್ಲಿ ಯೋಳಿದ್ರಲ್ಲ, ಅದೇನಾತು? ಇಲ್ಲಿ ಯಾಕ್ ಬಾಯೇ ಬುಡ್ನಿಲ್ಲ?”

ನಾನು ಅವನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ. ಹಿರಿಯರ ಕಡೆ ತಿರುಗಿದ.

“ನೋಡಿ, ಇವ್ರ ವಿಜ್ಞಾನಿಗಳೇ ಅದು ಗಟ್ಟಿ ಇಲ್ಲ ಅಂತವ್ರೆ. ಇವ್ರಿಗೂ ಗೊತ್ತು. ಗೊತ್ತಿದ್ದೂ ಮುಚ್ಚಿಟ್ಟವ್ರೆ.”

ಮುಂದಿನ ಸಾಲಿನ ಹಿರಿಯರೊಬ್ಬರು, “ದಿಟವಾ ಮೇಷ್ಟ್ರೇ?” ಎಂದರು.

“ಅದು ಇನ್ನೂ ಚರ್ಚೆಯಲ್ಲಿದೆ” ಎಂದೆ. ಸತ್ಯವನ್ನೇ ಹೇಳಿದ್ದೆ, ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು. ತನ್ನ ಮಾತನ್ನು ತಾನೇ ಮತ್ತೆ ಮತ್ತೆ ಒರೆಗೆ ಹಚ್ಚುವುದೇ ವಿಜ್ಞಾನದ ಘನತೆ, ಸಂಶಯವನ್ನು ಹೇಳಿಕೊಳ್ಳದ ಜ್ಞಾನವನ್ನೇ ಸಂಶಯಿಸಬೇಕು ಎಂಬ ಉತ್ತರ ನನ್ನ ಬಳಿ ಸಿದ್ಧವಿತ್ತು. ನಾನು ಅದನ್ನು ಆಡಲಿಲ್ಲ. ಇನ್ನೇನು ಅವನು ತಲೆ ಕೆರೆದುಕೊಂಡು ಸೋತೆನೆನ್ನುತ್ತಾನೆ, ಆಮೇಲೆ ನನ್ನ ಸರದಿ ಎಂದು ಕಾದೆ. ನಮ್ಮಂಥ ಜೋಡಿ ಮಾತ್ರ ಮಾಡಬಹುದಾದ ಮೂರ್ಖತನ ಅದು. ಅವನು ಸೋಲೊಪ್ಪದೆಯೇ ಕುಳಿತುಕೊಂಡ.

ಇನ್ನೊಬ್ಬ ಹಿರಿಯರು ಟವೆಲು ಕೊಡವಿ ಎದ್ದರು. “ಅವರವರಲ್ಲೇ ತೀರ್ಮಾನ ಆಗಿಲ್ಲ ಅಂದ್ಮೇಲೆ ನಾವ್ಯಾಕ್ ರೂಮ್ ಕೊಡಾದು? ತೀರ್ಮಾನ ಆದ್ಮೇಲೆ ಬನ್ನಿ ಮೇಷ್ಟ್ರೇ.” ಸಭೆ ನಗುತ್ತ ಚದುರಿತು. ಪ್ರೊಜೆಕ್ಟರ್ ತಂತಿಯನ್ನು ಒಬ್ಬನೇ ಸುತ್ತಿದೆ.

ಕಾರಣ ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಆ ಊರಿನ ದಾರಿಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿದರೆ ಮಹಡಿಕೋಣೆಯ ಕಿಟಕಿಯವರೆಗೂ ಬೂಸಾ ಮೂಟೆಗಳು ಏರಿದ್ದವು. ಮೂಟೆಯ ಮೇಲೆ ಅವನಣ್ಣನ ಅಂಗಡಿಯ ಮುದ್ರೆಯಿತ್ತು.

ಅವನನ್ನು ಬೆಳ್ಳೂರು ಕ್ರಾಸಿನ ಹೋಟೆಲಿಗೆ ಬರಹೇಳಿದೆ. ಬಂದ. ಎಂದಿನಂತೆ ನನಗೂ ಸೇರಿಸಿ ತಾನೇ ಕಾಫಿ ಹೇಳಿದ.

“ಮುಂಚೇನೇ ಯೋಳಿದ್ರೆ ನೀನ್ ಒಪ್ತಿದ್ಯಾ?” ಎಂದ.

“ಕೋಣೆ ಬೇಕಿತ್ತೆಂದು ಕೇಳಿದ್ದರೆ ಕಾರ್ಯಕ್ರಮವನ್ನೇ ಮಾಡುತ್ತಿರಲಿಲ್ಲ. ನಾನು ನಂಬಿ ಹೇಳಿದ್ದನ್ನೇ ಯಾಕೆ ಎತ್ತಿದೆ?”

“ಇನ್ಯಾವ್ದ್ರಲ್ಲೂ ನಿನ್ನ ಸೋಲ್ಸಾಕ್ ಆಗ್ತಿರ್ನಿಲ್ಲ ಕಣ್ಲಾ.” ಅವನು ಇದನ್ನು ಹೊಗಳಿಕೆಯೆಂಬಂತೆ ಹೇಳಿದ. “ಮಳೆ ಬಂದ್ರೆ ಮೂಟೆ ನೆನೀತವೆ. ನಿನ್ ಶನಿ ಎಲ್ಗೋಗ್ತಾನೆ? ಇನ್ನೊಂದೂರ್ನಲ್ಲಿ ನೋಡಿದ್ರಾತು. ಬರೋ ಭಾನುವಾರ ನಾಗಮಂಗಲ ಅಲ್ವಾ? ಬತ್ತೀನಿ. ನೀನ್ ಪರ, ನಾನ್ ವಿರೋಧ.”

ಬೇಡವೆಂದೆ. ಕಾಫಿ ಕುಡಿಯಲಿಲ್ಲ.

ಆ ದೂರದ ಗ್ರಹದಲ್ಲಿ ಜೀವವಿಲ್ಲವೆಂದು ನಾಳೆ ಖಚಿತವಾದರೂ ಅದು ನನಗೆ ಮಾಡಿದ ಮೋಸವಲ್ಲ. ಅದು ನನಗೆ ಮಾತು ಕೊಟ್ಟಿರಲಿಲ್ಲ. ಇಷ್ಟು ದೊಡ್ಡ ವಿಶ್ವದಲ್ಲಿ, ನಾವು ಕಂಡಮಟ್ಟಿಗೆ, ಮಾತು ಕೊಡಬಲ್ಲ ಜೀವಿ ಮನುಷ್ಯನೊಬ್ಬನೇ. ಅದನ್ನೇ ಮನುಷ್ಯನ ಹಿರಿಮೆಯೆಂದು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಈಗ ಆ ವಾಕ್ಯ ಬಂದಾಗ ನಾಲಿಗೆ ತಡೆಯುತ್ತದೆ.

ನಾಗಮಂಗಲಕ್ಕೆ ಒಬ್ಬನೇ ಹೋದೆ. ಆ ಗ್ರಹದ ಸಂಶಯವನ್ನು ಮೊದಲ ಮಾತಿನಲ್ಲೇ ಹೇಳಿಬಿಟ್ಟೆ. ಯಾರೂ ಆಕ್ಷೇಪಿಸಲಿಲ್ಲ, ಯಾರೂ ನಗಲೂ ಇಲ್ಲ. ಹಿಂದಿನ ಸಾಲುಗಳಲ್ಲಿ ಕೆಲವರು ಆಕಳಿಸಿದರು. ಮುಗಿದ ಮೇಲೆ, ಹಿಂದೊಮ್ಮೆ ನಮ್ಮನ್ನು ಕೇಳಿದ್ದ ವೃದ್ಧೆಯೊಬ್ಬರು ಹತ್ತಿರ ಬಂದರು.

“ಮಾತ್ ಮಾತ್ಗೂ ನಿಮ್ಮೇಲೆ ಬೀಳ್ತಿದ್ರಲ್ಲಪ್ಪ, ಅವ್ರು ಎಲ್ಲಿ? ಬರ್ನಿಲ್ವಾ?”

“ಇಲ್ಲಮ್ಮ, ಅವರಿಗೆ ವ್ಯಾಪಾರವಿದೆ.”

“ಅವ್ರಿದ್ರೇ ಸೆಂದಾಗಿರ್ತಿತ್ತು ಕಣಪ್ಪ. ಮುಂದ್ಲ ಸಲ ಕರ್ಕಂಡ್ ಬಾ” ಎಂದು ಹೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಹುಡುಕತೊಡಗಿದರು.