ನೋಟಿಸ್ ಪುಸ್ತಕದ ಅಶ್ವಮೇಧ

ಚಾಮರಾಜಪೇಟೆಯ ನಮ್ಮ ಶಾಲೆಗೆ ಐದು ಜನ ಹೆಡ್ ಮಿಸ್ಸುಗಳು ಬಂದರು, ನಾಲ್ವರು ಹೋದರು. ಆಯಾ ವಿಶಾಲಮ್ಮ ಮಾತ್ರ ಇಪ್ಪತ್ತೆಂಟು ವರ್ಷದಿಂದ ಅಲುಗಿಲ್ಲ. ಅಲುಗಿಲ್ಲ ಎಂದರೆ ಕೆಲಸ ಬಿಟ್ಟಿಲ್ಲ ಎಂದಷ್ಟೇ ಅರ್ಥ. ಮಿಕ್ಕಂತೆ ಅವರು ನಿಂತಲ್ಲಿ ನಿಂತವರಲ್ಲ. ದಿನಾ ಹನುಮಂತನಗರದಿಂದ ನಡೆದೇ ಬರುತ್ತಾರೆ. ಬಸ್ಸಿದೆಯಲ್ಲ ಎಂದು ಕೇಳಿದರೆ, "ಬಸ್ಸಲ್ಲಿ ಕೂತ್ಕೋಬೇಕಲ್ಲ ಸಾರ್" ಎನ್ನುತ್ತಾರೆ.

ಕೂರುವುದರ ಮೇಲೆ ಅವರಿಗೆ ಹಳೆಯ ಹಗೆ. ಮಾಗಡಿ ಕಡೆಯ ಹಳ್ಳಿಯಲ್ಲಿ ಎರಡನೇ ಕ್ಲಾಸು ಓದುತ್ತಿದ್ದಾಗ ಮೇಷ್ಟ್ರು ಅವರಪ್ಪನನ್ನು ಕರೆಸಿ, "ನಿನ್ನ ಮಗಳ ಕಾಲಲ್ಲಿ ಚಕ್ರ ಐತೆ ಕಣಪ್ಪ. ಹಸು ಕಾಯೋಕೆ ಸರಿ, ಓದೋಕಲ್ಲ" ಎಂದು ತೀರ್ಪು ಕೊಟ್ಟರು. ಅಪ್ಪ ಒಪ್ಪಿದ. ಹಸುಗಳೂ ಒಪ್ಪಿದವು. ವಿಶಾಲಮ್ಮ ಇವತ್ತಿಗೂ ಒಪ್ಪಿಲ್ಲ.

ಮದುವೆಯಾಗಿ ಬೆಂಗಳೂರಿಗೆ ಬಂದು, ಈ ಶಾಲೆ ಸೇರಿ, ಅವರು ಓದು ಕಲಿತದ್ದು ನೋಟಿಸ್ ಪುಸ್ತಕದಿಂದ. ಹೆಡ್ ಮಿಸ್ಸು ಆಜ್ಞೆ ಬರೆಯುವ ಕೆಂಪು ರಟ್ಟಿನ ಉದ್ದನೆಯ ಪುಸ್ತಕ ಅದು. ಆಯಾ ಅದನ್ನು ಹನ್ನೆರಡು ಕೋಣೆಗೂ ಹೊತ್ತೊಯ್ಯಬೇಕು. ಪ್ರತಿ ಟೀಚರೂ ಓದಿ, ಸಹಿ ಹಾಕಿ, ಗಂಟೆ ಬರೆಯಬೇಕು. ಕೊನೆಗೆ ಹೆಡ್ ಮಿಸ್ಸು ಸಹಿ ಮಾಡಿ ಮುಗಿಸಬೇಕು. ವಾಟ್ಸಾಪ್ ಗುಂಪು ಇಲ್ಲವೆಂದಲ್ಲ. ಆದರೆ ಅಲ್ಲಿ ಶುಭೋದಯದ ಗುಲಾಬಿಗಳ ನಡುವೆ ಆಜ್ಞೆ ಕಣ್ಣಿಗೆ ಬೀಳಲಿಲ್ಲ ಎಂದು ಜಾರಿಕೊಳ್ಳಬಹುದು. ಪುಸ್ತಕದ ಮೇಲೆ ಸಹಿ ಬಿತ್ತೋ, ಜಾರುವ ದಾರಿ ಬಂದ್. ಇಷ್ಟು ವರ್ಷ ಅದನ್ನೇ ಓದಿ ಓದಿ ವಿಶಾಲಮ್ಮನ ಮಾತೂ ಹಾಗೇ ಆಗಿದೆ. ತರಕಾರಿ ಗಾಡಿಯವನ ಮೇಲೆ ಯುದ್ಧ ಸಾರುವಾಗಲೂ, "ಈ ಮೂಲಕ ತಿಳಿಸೋದೇನಪ್ಪಾ ಅಂದ್ರೆ, ನಿನ್ನ ಬದನೆಕಾಯಲ್ಲಿ ಹುಳ ಐತೆ!"

ಇಂಥವರ ರಾಜ್ಯಕ್ಕೆ ಬಂದವಳು ಧೃತಿ. ಶಂಕರಪುರದ ಹುಡುಗಿ, ಯುಕೆಜಿ, ಆರಕ್ಕೆ ಎರಡು ತಿಂಗಳು ಕಮ್ಮಿ. ಹೊಸ ಹೆಡ್ ಮಿಸ್ಸು ಯಶೋಧರಾ ಅವರ ಬಳಿ ಒಂದು ಪಟ್ಟಿಯಿತ್ತು: ಒಂದನೇ ಕ್ಲಾಸಿಗೆ ಹೋಗುವ ಮಗು ಇಪ್ಪತ್ತು ನಿಮಿಷ ಒಂದೇ ಕಡೆ ಕೂರಬೇಕು, ಹೇಳಿದ ಕೆಲಸ ಮುಗಿಸಬೇಕು, ಇತ್ಯಾದಿ. ಧೃತಿ ಆ ಇಪ್ಪತ್ತು ನಿಮಿಷದಲ್ಲಿ ಪೆನ್ಸಿಲನ್ನು ಬುಡದವರೆಗೆ ಚೂಪು ಮಾಡಿ, ರಬ್ಬರನ್ನು ರುಚಿ ನೋಡಿ, ಕಿಟಕಿಯ ಕಾಗೆಗೆ ಮನೆಗೆ ಹೋಗೆಂದು ಬುದ್ಧಿ ಹೇಳಿ, ಮೂರು ಸಲ ಬೆಂಚಿನಡಿ ಹಾದು ಬಂದಿದ್ದಳು.

ಮನೆಯವರೂ ಸುಮ್ಮನಿರಲಿಲ್ಲ. ಅಕ್ಷರಾಭ್ಯಾಸ ರಾಹುಕಾಲದಲ್ಲಿ ಆಗಿತ್ತೆಂದು ಅಜ್ಜಿ ಎರಡನೇ ಸಲ ಮಾಡಿಸಿದರು. ತಟ್ಟೆಯ ಅಕ್ಕಿ ದಪ್ಪಗಿತ್ತೆಂದು ಅತ್ತೆ ಮೂರನೇ ಸಲ ಮಾಡಿಸಿದರು. ಮೂರನೇ ಸಲ ಧೃತಿ ಅಷ್ಟೂ ಅಕ್ಕಿಯನ್ನು ಪುರೋಹಿತರ ತಲೆಗೆ ಸುರಿದು, ನೂರು ವರ್ಷ ಬಾಳಿ ಎಂದು ಹರಸಿದಳು. ಅಲ್ಲಿಗೆ ಅಮ್ಮ ವಾಣಿ ಮಗಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಮೂರು ಸಲ ನೋಡಿ, ಬುದ್ಧಿಗೇನೂ ಕೊರತೆಯಿಲ್ಲ, ಗಮನ ನಿಲ್ಲದ ತೊಂದರೆಯಿದೆ, ಶಾಲೆ ಹೀಗೆ ಹೀಗೆ ನೆರವಾಗಬೇಕು ಎಂದು ಪತ್ರ ಕೊಟ್ಟರು.

ಯಶೋಧರಾ ಮಿಸ್ಸು ಆ ಪತ್ರವನ್ನೇ ಹೊರಗಟ್ಟುವ ರಹದಾರಿ ಮಾಡಿಕೊಂಡರು. "ನೋಡಿ, ಡಾಕ್ಟರೇ ಬರ್ದಿದಾರೆ. ಬೇರೆ ಸ್ಕೂಲ್ ನೋಡ್ಕೊಳ್ಳಿ. ಮಾರ್ಚ್ ಇಪ್ಪತ್ತಕ್ಕೆ ಮೀಟಿಂಗ್, ಅವತ್ತು ಟೀಸಿಗೆ ಅರ್ಜಿ ತಂದ್ಬಿಡಿ."

ವಾಣಿ ಜಗುಲಿಯಲ್ಲಿ ಕೂತು ಅಳುತ್ತಿದ್ದಾಗ ವಿಶಾಲಮ್ಮ ಪೊರಕೆ ಹಿಡಿದು ಬಂದರು.

"ಅಳ್ಬೇಡ ಕಣಮ್ಮ. ನನ್ನ ಕಾಲಲ್ಲೂ ಚಕ್ರ ಇತ್ತು. ಮೇಷ್ಟ್ರು ಚಕ್ರ ನೋಡಿದ್ರು, ಗಾಡಿ ನೋಡ್ಲಿಲ್ಲ. ಡಾಕ್ಟ್ರು ಏನು ಬರೆದವ್ರೆ? ಓದು."

"ಒಂದು ಸಲಕ್ಕೆ ಒಂದೇ ಮಾತು ಹೇಳ್ಬೇಕಂತೆ ಆಯಮ್ಮ. ಕೆಲಸದ ಮಧ್ಯೆ ಮಧ್ಯೆ ಎದ್ದು ಓಡಾಡೋಕೆ ಬಿಡ್ಬೇಕಂತೆ."

"ಇಷ್ಟೇನಾ? ಇದು ಕಾಯಿಲೆ ಚೀಟಿ ಅಲ್ಲಮ್ಮ, ನನ್ನ ಡ್ಯೂಟಿ ಆರ್ಡರ್ರು!"

ವಾಣಿ ಹೂಂ ಎಂದಳು, ಕ್ಲಾಸ್ ಟೀಚರು ಕಣ್ಣಲ್ಲೇ ಒಪ್ಪಿದರು, ಅಶ್ವಮೇಧದ ಕುದುರೆ ಮರುದಿನವೇ ಹೊರಟಿತು. ಕುದುರೆ ಎಂದರೆ ನೋಟಿಸ್ ಪುಸ್ತಕ. ಬೆಂಗಾವಲಿಗೆ ಎರಡು ಜಡೆಯ ದಂಡನಾಯಕಿ ಧೃತಿ.

ಮೊದಲ ದಿನವೇ ದಂಡಯಾತ್ರೆ ಮುಗ್ಗರಿಸಿತು. ವಿಶಾಲಮ್ಮ ಹನ್ನೆರಡು ಕೋಣೆಯನ್ನೂ ಒಂದೇ ಉಸಿರಿಗೆ ಹೇಳಿ ಕಳಿಸಿದರು. ಮಗು ಬಂತು, ಪುಸ್ತಕ ಬರಲಿಲ್ಲ. ಒಂದೂವರೆ ಗಂಟೆ ಹುಡುಕಿದ ಮೇಲೆ ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಸಿಕ್ಕಿತು. ಅವತ್ತಿನ ನೋಟಿಸು, ಬಿಡುವಿನಲ್ಲಿ ಫ್ಯಾನು ಆರಿಸಬೇಕೆಂಬುದು; ಅಷ್ಟು ಹೊತ್ತೂ ಶಾಲೆಯ ಫ್ಯಾನುಗಳು ಕೇಳುವವರಿಲ್ಲದೆ ಮೆರೆದವು.

ಧೃತಿ ಬೈಗುಳಕ್ಕೆ ಸಿದ್ಧಳಾಗಿ ಕಣ್ಣು ಮುಚ್ಚಿಕೊಂಡಳು. ವಿಶಾಲಮ್ಮ ತಮ್ಮ ಹಣೆಗೇ ಹೊಡೆದುಕೊಂಡರು. "ತಪ್ಪು ನಂದು ಮಗಾ. ಡಾಕ್ಟ್ರು ಒಂದು ಅಂದಿದ್ರು, ನಾನು ಹನ್ನೆರಡು ಹೇಳ್ದೆ."

ಆಮೇಲೆ ಪದ್ಧತಿ ಬದಲಾಯಿತು. ಒಂದು ಕೋಣೆ, ಒಂದು ಸಹಿ, ಟೀಚರು ಏನಾದರೂ ಹೇಳಿದರೆ ಆ ಮಾತು, ಮೆಟ್ಟಿಲ ಬುಡದಲ್ಲಿ ನಿಂತ ವಿಶಾಲಮ್ಮನ ಕೈಗೆ ಒಂದು ಚಪ್ಪಾಳೆ. ಆಮೇಲೆ ಮುಂದಿನ ಕೋಣೆ. ಮೂರು ಕೋಣೆಯಾದರೆ ಮತ್ತೆ ಕ್ಲಾಸು. ಓಡಿ ಬಂದವಳು ಎಂಟು ನಿಮಿಷ ಕೂತು ಬರೆಯುತ್ತಾಳೆಂದು ಕ್ಲಾಸ್ ಟೀಚರು ಗಡಿಯಾರ ನೋಡಿ ಹೇಳಿದರು. ಪ್ರತಿ ಸಹಿಯ ಪಕ್ಕ ತನ್ನ ಹೆಸರಿನ ಮೊದಲ ಅಕ್ಷರ ಬರೆಯುವುದು ದಂಡನಾಯಕಿಯ ಹಕ್ಕು. ಮೊದಮೊದಲು ಅದು ಚೆಲ್ಲಿದ ಒಗ್ಗರಣೆಯಂತಿತ್ತು. ಮೂರನೇ ವಾರಕ್ಕೆ ಐದನೇ ಕ್ಲಾಸಿನ ಮೇಷ್ಟ್ರಾದ ನನಗೂ ಓದಲು ಬಂತು.

ಹೆಡ್ ಮಿಸ್ಸಿನ ಕೋಣೆಗೂ ಅವಳೇ ಹೋಗುತ್ತಿದ್ದಳು. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ ಸಹಿ ಹಾಕಿ ಪುಸ್ತಕ ತಳ್ಳುತ್ತಿದ್ದರು.

ಮಾರ್ಚ್ ಇಪ್ಪತ್ತು ಬಂತು. ಮೇಜಿನ ಆಚೆ ಯಶೋಧರಾ ಮಿಸ್ಸು, ಈಚೆ ಅರ್ಜಿ ಹಿಡಿದ ವಾಣಿ ಮತ್ತು ಧೃತಿ, ಗೋಡೆ ಬದಿಯ ಬೆಂಚಿನಲ್ಲಿ ನಾನು ಮತ್ತು ಪಿಟಿ ಮೇಷ್ಟ್ರು ದೊರೆಸ್ವಾಮಿ. ವಿಶಾಲಮ್ಮ ನೀರು ಕೊಡಲು ಬಂದವರು ಹೋಗಲೇ ಇಲ್ಲ.

"ಒಂದು ಕೆಲಸ ಕೊಟ್ರೆ ಮುಗಿಸಲ್ಲ ಈ ಮಗು. ಒಂದನೇ ಕ್ಲಾಸಲ್ಲಿ ಏನ್ ಮಾಡುತ್ತೆ?" ಎಂದರು ಹೆಡ್ ಮಿಸ್ಸು.

"ಈ ಮೂಲಕ ತಿಳಿಸೋದೇನಂದ್ರೆ ಮೇಡಂ," ವಿಶಾಲಮ್ಮ ಸೆರಗಿನಡಿಯಿಂದ ಕೆಂಪು ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿದರು, "ಇಪ್ಪತ್ತೆರಡು ನೋಟಿಸು. ಒಂದು ದಾರಿ ತಪ್ತು, ಅದು ನನ್ನ ತಪ್ಪು. ಮಿಕ್ಕಿದ್ದೆಲ್ಲ ಹನ್ನೆರಡು ರೂಮಿಗೂ ಮುಟ್ಟೈತೆ. ಮುಟ್ಸಿದ್ದು ಈ ಮಗು."

"ಮಗು ಕೈಲಿ ಕೆಲಸ ಮಾಡ್ಸಿದ್ರಾ? ಯಾರ್ರೀ ಪರ್ಮಿಷನ್ ಕೊಟ್ಟಿದ್ದು?"

"ಅವರಮ್ಮ ಕೊಟ್ಟವ್ರೆ, ಕ್ಲಾಸ್ ಮಿಸ್ಸು ಕೊಟ್ಟವ್ರೆ. ತಮ್ಮ ಸಹಿನೂ ಐತೆ, ಇಪ್ಪತ್ತೊಂದು ಸಲ. ಪುಸ್ತಕ ಕೊಟ್ಟೋರ ಮುಖ ನೋಡಿರ್ಲಿಲ್ಲ, ಅಷ್ಟೆ."

ದೊರೆಸ್ವಾಮಿ ಕೆಮ್ಮಿನ ಹೆಸರಲ್ಲಿ ನಕ್ಕರು. ಯಶೋಧರಾ ಮಿಸ್ಸು ಪುಟ ತಿರುವಿದರು, ಇನ್ನೊಂದು ತಿರುವಿದರು. ಆಮೇಲೆ ಪೆನ್ನು ತೆಗೆದರು.

"ನನ್ನೆದುರಿಗೆ ಆಗ್ಲಿ. ಚಾಕ್‌ಪೀಸ್ ಎಷ್ಟಿದೆ ಅಂತ ಬರ್ದಿದೀನಿ. ಮೂರನೇ ಕ್ಲಾಸಿಗೆ ಹೋಗಿ ಬರ್ಲಿ."

ಧೃತಿ ಓಡಿದಳು. ಎರಡು ನಿಮಿಷ, ಮೂರು, ನಾಲ್ಕು. ಹುಡುಕಿ ತರಲೆಂದು ದೊರೆಸ್ವಾಮಿ ಎದ್ದರು. ವಿಶಾಲಮ್ಮ ಬಾಗಿಲಿಗೆ ಅಡ್ಡ ನಿಂತು, "ಕೂತ್ಕೊಳ್ಳಿ ಸಾರ್, ತಮಗೂ ಒಂದ್ಕಡೆ ಕೂರೋ ಬುದ್ಧಿ ಇಲ್ವಾ?" ಎಂದರು. ವಾಣಿಯ ಕೈಯಲ್ಲಿ ಅರ್ಜಿ ಮುದುಡಿ ಉಂಡೆಯಾಗಿತ್ತು.

ಐದನೇ ನಿಮಿಷಕ್ಕೆ ಚಪ್ಪಲಿ ಸದ್ದು. ಪುಸ್ತಕ, ಸಹಿ, ಪಕ್ಕದಲ್ಲಿ ಅವಳ ಅಕ್ಷರ.

"ಎರಡು ಡಬ್ಬಿ ಇದೆಯಂತೆ. ಕೆಂಪು ಚಾಕ್‌ಪೀಸ್ ಬೇಕಂತೆ. ಕಾಗೆಗೆ ಮರಿ ಆಗಿದೆ."

ಯಶೋಧರಾ ಮಿಸ್ಸು ಡಾಕ್ಟರ ಪತ್ರವನ್ನು ಎದುರಿಗೆ ಹರಡಿಕೊಂಡು, ನೋಡಿ ನೋಡಿ, ಉದ್ದನೆಯ ನೋಟಿಸು ಬರೆದರು: ಧೃತಿ ಒಂದನೇ ತರಗತಿಗೆ, ಮುಂದಿನ ಬೆಂಚು, ಒಂದು ಸಲಕ್ಕೆ ಒಂದು ಸೂಚನೆ, ಪಾಠಗಳ ನಡುವೆ ಓಡಾಟ. ಪುಸ್ತಕವನ್ನು ವಿಶಾಲಮ್ಮನ ಕಡೆ ಚಾಚಿದರು. ವಿಶಾಲಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಅದು ನನ್ನ ಡ್ಯೂಟಿ ಅಲ್ಲ ಮೇಡಂ."

ಹೆಡ್ ಮಿಸ್ಸು ಮೇಜು ಸುತ್ತಿ ಬಂದು, ಬಗ್ಗಿ, ಮಗುವಿನ ಮುಖ ನೋಡಿದರು. "ಧೃತಿ, ಇದನ್ನ ಒಂದನೇ ಕ್ಲಾಸ್ ಮಿಸ್ಸಿಗೆ ಕೊಟ್ಟು ಬಾ ಪುಟ್ಟ."

ವಾಕ್ಯ ಮುಗಿಯುವ ಮೊದಲೇ ಜಡೆಗಳು ಬಾಗಿಲು ದಾಟಿದ್ದವು.

"ಬರೋವರೆಗೂ ಕೂತ್ಕೊಳ್ಳಿ ವಿಶಾಲಮ್ಮ," ಎಂದು ಹೆಡ್ ಮಿಸ್ಸು ಕುರ್ಚಿ ಎಳೆದರು.

"ಇಲ್ಲ ಮೇಡಂ," ಎಂದರು ವಿಶಾಲಮ್ಮ, ಚಪ್ಪಾಳೆಗೆ ಅಂಗೈ ಒರೆಸಿಕೊಳ್ಳುತ್ತ, "ಮೆಟ್ಟಿಲ ಹತ್ರ ನಿಂತಿರ್ತೀನಿ."