ಆರದ ಉಷ್ಣ

ಇವತ್ತು ಬೆಳಿಗ್ಗೆ ನನ್ನ ಔಷಧಿ ಅಂಗಡಿಯ ಕೌಂಟರಿನ ಮೇಲೆ ಒಬ್ಬ ನೀರಿನ ಬಾಟಲಿ ಇಟ್ಟ. ಒಳಗೆ ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ. ಅದನ್ನು ಕಂಡರೆ ನಿಮಗೆ ಬೇಸಿಗೆಯ ಶರಬತ್ತು ನೆನಪಾಗಬಹುದು. ನನಗೆ ಮೈಯೆಲ್ಲ ಉರಿಯುತ್ತದೆ, ಏಕೆಂದರೆ ಮುಂದೆ ಬರುವ ಮಾತು ಯಾವುದೆಂದು ಗೊತ್ತು. ಅದೇ ಬಂತು: "ಉಷ್ಣ ಆಗೇತ್ರಿ. ಎರಡ ಗುಳಿಗಿ ಕೊಡ್ರಿ."

ನಮ್ಮ ರಾಮದುರ್ಗದ ಕಡೆ ಉಷ್ಣ ಎನ್ನುವ ಶಬ್ದದ ಹೊಟ್ಟೆ ಬಹಳ ದೊಡ್ಡದು. ಬಾಯಿಹುಣ್ಣು ಉಷ್ಣ, ಕಣ್ಣುರಿ ಉಷ್ಣ, ಮಾವಿನಹಣ್ಣು ಒಂದು ಹೆಚ್ಚು ತಿಂದರೂ ಉಷ್ಣ. ಗಂಡಸು ಎಲ್ಲೋ ಹೋಗಿ ಗೊನೋರಿಯಾ ಅಂಟಿಸಿಕೊಂಡು ಬಂದು, ಉಚ್ಚೆಗೆ ಹೋದರೆ ಉರಿ, ಕೀವು ಎಂದು ಒದ್ದಾಡಿದರೆ ಅದೂ ಉಷ್ಣವೇ. ಮನೆಯವರು ಪಾಪ, ಜೀರಿಗೆ ನೀರು ಕುದಿಸಿ ಕೊಡುತ್ತಾರೆ.

ಉಷ್ಣ ಆಗೇತಿ, ಗುಳಿಗಿ ಕೊಡು ಎಂಬ ಈ ಮಾತನ್ನು ನನಗೆ ಮೊದಲು ಹೇಳಿದವನು ದೊಡ್ಡಪ್ಪನ ಮಗ ಬಸಣ್ಣ. ಸುರೇಬಾನದವನು, ಲಾರಿ ಹೊಡೆಯುತ್ತಿದ್ದ. ನಾನು ಆಗಷ್ಟೇ ಅಂಗಡಿ ಹಾಕಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೊಬ್ಬನೇ. ಎರಡು ಸಲ ನಪಾಸಾಗಿ ಗೆದ್ದ ಬಿ.ಫಾರ್ಮಾ. ದೇವರ ಫೋಟೊ ಪಕ್ಕಕ್ಕೆ ಸರಿಸಿ ಸರ್ಟಿಫಿಕೇಟನ್ನು ತಲೆಯ ಮೇಲೆ ತೂಗುಹಾಕಿದ್ದೆ. ಅದನ್ನು ನೋಡಿ ಬಸಣ್ಣ, "ಡಾಕ್ಟರ್ ಯಾಕ ಬೇಕು, ನಮ್ಮ ತಮ್ಮನ ಡಾಕ್ಟರ್ ಅದಾನಲ್ಲ" ಎಂದ. ಅಷ್ಟಕ್ಕೇ ಉಬ್ಬಿದೆ, ಆ ಬೀಜದ ಹಾಗೆ. ಎರಡು ಗುಳಿಗೆ ಕತ್ತರಿಸಿ ಕೊಟ್ಟೆ. ಉರಿ ನಿಂತಿತು. ಕೆಲವು ತಿಂಗಳಿಗೆ ಮತ್ತೆ ಬಂದ. ಬೇರೆ ಬಣ್ಣದ್ದು ಎರಡು ಕೊಟ್ಟೆ. ಮೂರನೇ ಸಲವೂ ಅದೇ ಕಥೆ. ಅರೆಬರೆ ಔಷಧಿಗೆ ಸಾಯದೆ ಉಳಿದ ಕ್ರಿಮಿ ಆ ಔಷಧಿಯನ್ನೇ ಅರಗಿಸಿಕೊಳ್ಳಲು ಕಲಿಯುತ್ತದೆ ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾದವನು ನಾನೇ. ಅವನ ಹೆಂಡತಿಗೂ, ಅಂದರೆ ನನ್ನ ವೈನಿಗೂ ಅಂಟಿರಬಹುದು, ಅವರನ್ನೂ ಡಾಕ್ಟರಿಗೆ ತೋರಿಸು ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ. ಅಣ್ಣನ ಮರ್ಯಾದೆಯ ಪ್ರಶ್ನೆ, ನೋಡಿ.

ಕೊನೆಗೆ ವೈನಿ ಕಿಬ್ಬೊಟ್ಟೆ ಹಿಡಿದುಕೊಂಡು ದವಾಖಾನೆ ಸೇರಿದರು. ಮದುವೆಯಾಗಿ ನಾಲ್ಕು ವರ್ಷ, ಮಗುವಿಗಾಗಿ ಕಾಯುತ್ತಿದ್ದರು. ಗಂಡ ಹೆಂಡತಿ ಇಬ್ಬರಿಗೂ ತಪಾಸಣೆಯಾಯಿತು. ಯಾವ ಔಷಧಿಗೆ ಕ್ರಿಮಿ ಸಾಯುತ್ತದೆ ಎಂದು ತಿಳಿಸುವ ರಿಪೋರ್ಟು ಹಿಡಿದು ಬಸಣ್ಣ ನನ್ನ ಹತ್ತಿರ ಬಂದ, ಮುಖದಲ್ಲಿ ನಗು. ನಾನು ಕೊಟ್ಟಿದ್ದ ಎಲ್ಲ ಗುಳಿಗೆಗಳ ಹೆಸರಿನ ಮುಂದೆ ಇಂಗ್ಲಿಷಿನ ಆರ್ ಅಕ್ಷರ.

"ಎಲ್ಲಾದಕ್ಕೂ ಆರ್ ಅಂತ ಬರದಾರ ನೋಡ. ಅಂದ್ರ ಉಷ್ಣ ಆರತೈತಿ, ಹೌದಿಲ್ಲೋ?"

ಆರುವುದಿಲ್ಲ, ಆರ್ ಅಂದರೆ ರೆಸಿಸ್ಟೆಂಟ್, ಕ್ರಿಮಿ ಇದಾವುದಕ್ಕೂ ಜಗ್ಗುವುದಿಲ್ಲ ಎಂದು ಅದರ ಅರ್ಥ ಎಂದೆ. ಉಳಿದದ್ದು ಒಂದು ಇಂಜೆಕ್ಷನ್. ಅದು ಇಬ್ಬರ ರೋಗವನ್ನೂ ನಿಲ್ಲಿಸಿತು. ಆದರೆ ವೈನಿಯ ಗರ್ಭನಾಳ ಅಷ್ಟರಲ್ಲಿ ಕಟ್ಟಿಹೋಗಿತ್ತು.

ನೋಡಲು ಹೋದಾಗ ಅವರು ಬಸಣ್ಣನನ್ನು ಬಿಟ್ಟು ನನ್ನನ್ನೇ ನೋಡಿದರು. "ಅವರಿಗೆ ತಿಳೀಲಿಲ್ಲ, ಬಿಡು. ನೀ ಕಲತಾಂವ. ಮೂರು ಸಲ ಗುಳಿಗಿ ಕೊಟ್ಟಿ, ಒಂದ ಸಲ ನನಗ ಹೇಳಾಕ ಆಗಲಿಲ್ಲೇನು?"

ಇಂದು ಬಂದವನನ್ನು ಕೇಳಿದರೆ, ಉಚ್ಚೆಗೆ ಹೋದಾಗ ಉರಿ, ಕೀವು ಎಂದ. ಇದು ಉಷ್ಣವಲ್ಲ, ಗೊನೋರಿಯಾ ಇರಬಹುದು, ಮನೆಯವರನ್ನೂ ಕರೆದುಕೊಂಡು ದವಾಖಾನೆಗೆ ಹೋಗಿರಿ ಎಂದೆ. ಅವನು ಬಾಟಲಿ ಎತ್ತಿಕೊಂಡು ಎದುರಿನ ಔಷಧಿ ಅಂಗಡಿಯತ್ತ ನಡೆದ. ಅಲ್ಲಿಯೂ ಗೋಡೆಗೊಂದು ಸರ್ಟಿಫಿಕೇಟು ತೂಗುತ್ತಿದೆ. ಇವರಿಗೆಲ್ಲ ಎಷ್ಟು ಸಲ ಹೇಳಬೇಕು ಎಂದು ಬೈದುಕೊಂಡು, ಬಾಗಿಲು ಅರ್ಧ ಎಳೆದು, ಚಪ್ಪಲಿ ಮೆಟ್ಟಿ, "ರೀ, ಸ್ವಲ್ಪ ನಿಲ್ರಿ" ಎನ್ನುತ್ತ ನಾನೂ ರಸ್ತೆ ದಾಟಿದೆ.